ಗಾಡ್ಜಿಲ್ಲಾ ಹುಟ್ಟಿದ್ದು ಬಾಂಬಿನಿಂದಲೇ? ಹಾಗಿದ್ದರೆ ಮಕ್ಕಳ ಗೆಳೆಯನಾದದ್ದು ಹೇಗೆ?

ಪ್ರಶ್ನೆ: ಹಾಲಿವುಡ್ಡಿನ ಗಾಡ್ಜಿಲ್ಲಾ ಚಿತ್ರಗಳನ್ನು ಮಗನ ಜೊತೆ ನೋಡಿ, ಅದು ಕಿಂಗ್ ಕಾಂಗ್ ಜೊತೆ ಕಾದಾಡುವ ಮೋಜಿನ ಪ್ರಾಣಿಯೆಂದೇ ತಿಳಿದಿದ್ದೆ. 2023ರ ಜಪಾನಿ ಚಿತ್ರ ನೋಡಿದ ಮೇಲೆ ಆ ಅಭಿಪ್ರಾಯ ಅಲುಗಾಡಿದೆ. ಮೂಲ ಗಾಡ್ಜಿಲ್ಲಾ ಅಣುಬಾಂಬಿನ ರೂಪಕ ಎಂದು ಎಲ್ಲೆಡೆ ಓದುತ್ತೇನೆ. ಇದು ಚಿತ್ರ ಮಾಡಿದವರ ಉದ್ದೇಶವೇ ಆಗಿತ್ತೋ, ವಿಮರ್ಶಕರು ಆಮೇಲೆ ಹಚ್ಚಿದ ಅರ್ಥವೋ? ಉದ್ದೇಶವೇ ಆಗಿದ್ದರೆ, ನಡುವಿನ ದಶಕಗಳಲ್ಲಿ ಅದು ಮಕ್ಕಳನ್ನು ಕಾಪಾಡುವ ನಾಯಕನಾದದ್ದು ಹೇಗೆ? ಹನ್ನೆರಡು ವರ್ಷದ ಮಗನಿಗೆ ಯಾವುದನ್ನು ತೋರಿಸಬಹುದು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಬಾಂಬು ಆ ಚಿತ್ರದಲ್ಲಿ ಮೊದಲಿನಿಂದಲೇ ಇತ್ತು, ರೂಪಕದ ಮರೆಯಲ್ಲೂ ಇರಲಿಲ್ಲ. ಪಾತ್ರಗಳು ಹೈಡ್ರೋಜನ್ ಬಾಂಬನ್ನು ಹೆಸರಿಟ್ಟೇ ಮಾತಾಡುತ್ತವೆ. ಆದರೆ ಗಾಡ್ಜಿಲ್ಲಾ ಎಂದರೆ ಅಣುಬಾಂಬು, ಅಷ್ಟೇ ಎಂಬ ಸಮೀಕರಣ ನನಗೆ ಸಾಲದೆನಿಸುತ್ತದೆ. 1954ರ ಚಿತ್ರದಲ್ಲಿರುವುದು ಒಂಬತ್ತು ವರ್ಷಗಳ ಹಿಂದಷ್ಟೇ ಮುಗಿದಿದ್ದ ಯುದ್ಧದ ಇಡೀ ನೆನಪು, ಬಾಂಬು ಅದರ ಒಂದು ಭಾಗ. ಹಾಗೆ ನೋಡಿದರೆ ನಿಮ್ಮ ಎರಡನೆಯ ಪ್ರಶ್ನೆಯೂ ತಾನಾಗಿ ಸಡಿಲಗೊಳ್ಳುತ್ತದೆ: ಯುದ್ಧವನ್ನು ಕಂಡಿರದ ಮಕ್ಕಳು ಚಿತ್ರಮಂದಿರ ತುಂಬಿದಾಗ ಆ ಪ್ರಾಣಿ ಅವರಿಗೆ ತಕ್ಕಂತೆ ಬದಲಾಯಿತು, ದೇಶಕ್ಕೆ ಹೊಸದೊಂದು ಆತಂಕ ಎದುರಾದಾಗಲೆಲ್ಲ ಹಳೆಯ ರೂಪಕ್ಕೆ ಮರಳಿತು.

ಹಿನ್ನೆಲೆಯನ್ನು ತಿಂಗಳುಗಳ ಲೆಕ್ಕದಲ್ಲೇ ನೋಡಬೇಕು, ಏಕೆಂದರೆ ಎಲ್ಲವೂ ಒಂದೇ ವರ್ಷದೊಳಗೆ ನಡೆಯಿತು. 1954ರ ಮಾರ್ಚ್ 1ರಂದು ಅಮೆರಿಕ ಮಾರ್ಷಲ್ ದ್ವೀಪಗಳ ಬಿಕಿನಿ ಹವಳದ್ವೀಪದಲ್ಲಿ ಕ್ಯಾಸಲ್ ಬ್ರಾವೋ ಎಂಬ ಹೈಡ್ರೋಜನ್ ಬಾಂಬನ್ನು ಪರೀಕ್ಷಿಸಿತು. ವಿಜ್ಞಾನಿಗಳು ಸುಮಾರು 6 ಮೆಗಾಟನ್ ಶಕ್ತಿಯನ್ನು ನಿರೀಕ್ಷಿಸಿದ್ದರು; ಹೊರಬಿದ್ದದ್ದು 15 ಮೆಗಾಟನ್, ಅಂದರೆ ಹಿರೋಷಿಮಾ ಬಾಂಬಿನ ಸುಮಾರು ಸಾವಿರ ಪಟ್ಟು. ಘೋಷಿತ ಅಪಾಯವಲಯದ ಹೊರಗೆ ಟ್ಯೂನಾ ಮೀನು ಹಿಡಿಯುತ್ತಿದ್ದ ದಾಯ್ಗೋ ಫುಕುರ್ಯು ಮಾರು ಎಂಬ ಜಪಾನಿ ದೋಣಿಯ ಮೇಲೆ ಹವಳದ ಬಿಳಿ ಬೂದಿ ಗಂಟೆಗಟ್ಟಲೆ ಸುರಿಯಿತು. ದೋಣಿಯಲ್ಲಿದ್ದ 23 ಮಂದಿಯೂ ವಿಕಿರಣದ ಕಾಯಿಲೆಯೊಂದಿಗೆ ಯಾಯ್ಜು ಬಂದರಿಗೆ ಮರಳಿದರು. ಅವರು ತಂದ ಮೀನು ಆಗಲೇ ಮಾರುಕಟ್ಟೆ ಸೇರಿತ್ತು, ಮೀನೇ ನಿತ್ಯದ ಆಹಾರವಾಗಿದ್ದ ದೇಶದಲ್ಲಿ ಜನ ಮೀನು ಮುಟ್ಟಲು ಹೆದರಿದರು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಟೋಕಿಯೋದ ಸುಗಿನಾಮಿ ಪ್ರದೇಶದ ಗೃಹಿಣಿಯರು ಆರಂಭಿಸಿದ ಬಾಂಬು ವಿರೋಧಿ ಸಹಿ ಸಂಗ್ರಹಕ್ಕೆ ಮುಂದಿನ ವರ್ಷದ ಹೊತ್ತಿಗೆ ಮೂರು ಕೋಟಿಗೂ ಹೆಚ್ಚು ಸಹಿಗಳು ಬಂದವು. ಇದರ ಅಲೆ ನಮ್ಮ ದೇಶಕ್ಕೂ ತಲುಪಿತ್ತು: 1954ರ ಏಪ್ರಿಲ್ 2ರಂದು ಲೋಕಸಭೆಯಲ್ಲಿ ಜವಾಹರಲಾಲ್ ನೆಹರೂ ಅಣ್ವಸ್ತ್ರ ಪರೀಕ್ಷೆಗಳನ್ನು ತಡೆಹಿಡಿಯುವ ಒಪ್ಪಂದವೊಂದು ಆಗಬೇಕೆಂದು ಕರೆಕೊಟ್ಟರು. ಗಾಡ್ಜಿಲ್ಲಾ, ಜಪಾನಿನಲ್ಲಿ ಗೊಜಿರಾ, ತೆರೆಕಂಡದ್ದು ನವೆಂಬರ್ 3ರಂದು, ಕುಬೊಯಾಮಾ ತೀರಿಕೊಂಡ ಆರೇ ವಾರಗಳಿಗೆ.

ಹೀಗಿದ್ದರೂ ಈ ಚಿತ್ರ ಪ್ರತಿಭಟನೆಯಾಗಿ ಹುಟ್ಟಿತೆಂದು ಹೇಳುವುದು ತಪ್ಪಾದೀತು. ಅದರ ಹುಟ್ಟು ತೀರ ವ್ಯಾವಹಾರಿಕ. ತೋಹೊ ಸ್ಟುಡಿಯೋದ ನಿರ್ಮಾಪಕ ತೊಮೊಯುಕಿ ತನಾಕಾ ಇಂಡೋನೇಷ್ಯಾದೊಂದಿಗೆ ಸೇರಿ ದೊಡ್ಡ ಚಿತ್ರವೊಂದನ್ನು ಮಾಡಲು ಹೊರಟಿದ್ದರು. ಯುದ್ಧಕಾಲದ ಜಪಾನಿ ಆಕ್ರಮಣದ ಗಾಯ ಇನ್ನೂ ಹಸಿಯಾಗಿದ್ದ ಆ ದೇಶ ಚಿತ್ರತಂಡಕ್ಕೆ ವೀಸಾ ನಿರಾಕರಿಸಿತು. ಬಿಡುಗಡೆಯ ವೇಳಾಪಟ್ಟಿಯಲ್ಲಿ ದೊಡ್ಡ ತೆರಪೊಂದು ಬಿತ್ತು. ಅದನ್ನು ತುಂಬುವ ಒತ್ತಡದಲ್ಲಿ ವಿಮಾನದಲ್ಲಿ ಮರಳುವಾಗ, ಕೆಳಗಿನ ಸಮುದ್ರವನ್ನು ನೋಡುತ್ತ, ಬಾಂಬಿನ ಸ್ಫೋಟಕ್ಕೆ ಎಚ್ಚೆತ್ತ ಜೀವಿಯೊಂದು ಮೇಲೆದ್ದು ಬಂದರೆ ಎಂಬ ಕಲ್ಪನೆ ಹೊಳೆಯಿತೆಂದು ತನಾಕಾ ಹೇಳುತ್ತಿದ್ದರು. ಕಲ್ಪನೆಗೆ ಮಾದರಿಗಳೂ ಇದ್ದವು. 1933ರ ಕಿಂಗ್ ಕಾಂಗ್ 1952ರಲ್ಲಿ ಮರುಬಿಡುಗಡೆಯಾಗಿ ಹಣ ಬಾಚಿತ್ತು. ಅಣು ಪರೀಕ್ಷೆಯಿಂದ ಎಚ್ಚೆತ್ತ ಪುರಾತನ ಪ್ರಾಣಿ ನ್ಯೂಯಾರ್ಕಿಗೆ ನುಗ್ಗುವ ಅಮೆರಿಕನ್ ಚಿತ್ರವೊಂದು 1953ರಲ್ಲಿ ಬಂದಿತ್ತು. ತೋಹೊ ಹಾಕಿಕೊಂಡ ಮೊದಲ ತಾತ್ಕಾಲಿಕ ಶೀರ್ಷಿಕೆಯಲ್ಲಿ ಆ ಚಿತ್ರದ ನೆರಳು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಯಶಸ್ಸು ಕಂಡ ಸೂತ್ರವನ್ನು ಎರವಲು ತರುವ ವಾಡಿಕೆ ಎಲ್ಲ ಚಿತ್ರೋದ್ಯಮಗಳಲ್ಲೂ ಇದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಗಮನಿಸಬೇಕಾದದ್ದು, ಎರವಲು ತಂದ ಸೂತ್ರ ಯಾರ ಕೈಗೆ ಬಿತ್ತು ಎಂಬುದು.

ನಿರ್ದೇಶಕ ಇಶಿರೊ ಹೋಂಡಾ ಅಕಿರಾ ಕುರೊಸಾವಾ ಅವರ ಸಮಕಾಲೀನರು, ಆಪ್ತ ಗೆಳೆಯರು. ಇಬ್ಬರೂ ಕಜಿರೊ ಯಮಾಮೊಟೊ ಅವರ ಕೈಕೆಳಗೆ ಸಹಾಯಕರಾಗಿ ಪಳಗಿದವರು. ಆದರೆ ಕುರೊಸಾವಾ ಚಿತ್ರ ಮಾಡುತ್ತಿದ್ದ ವರ್ಷಗಳಲ್ಲಿ ಹೋಂಡಾ ಮತ್ತೆ ಮತ್ತೆ ಸೇನೆಗೆ ಕರೆಸಲ್ಪಟ್ಟು ಚೀನಾದಲ್ಲಿ ಸೈನಿಕರಾಗಿದ್ದರು. ಯುದ್ಧ ಮುಗಿದಾಗ ಅಲ್ಲಿ ಸೆರೆಯಾಳಾಗಿದ್ದು, 1946ರಲ್ಲಿ ಊರಿಗೆ ಮರಳುವಾಗ ಹಿರೋಷಿಮಾದ ಮೂಲಕ ಹಾದುಬಂದರು. ವಿಕಿರಣವನ್ನು ಕಣ್ಣಿಗೆ ಕಾಣುವಂತೆ ಮಾಡುವುದು ತಮ್ಮ ಉದ್ದೇಶವಾಗಿತ್ತೆಂದು ಅವರೇ ಮುಂದೆ ಹೇಳಿದ್ದಾರೆ. ನಿಮ್ಮ ಸಂದೇಹಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ವಿಶೇಷ ಪರಿಣಾಮಗಳ ಹೊಣೆ ಹೊತ್ತ ಐಜಿ ತ್ಸುಬುರಾಯಾ ಅವರ ಹಿನ್ನೆಲೆ ಇನ್ನೂ ತೊಡಕಿನದು. ಪರ್ಲ್ ಹಾರ್ಬರ್ ದಾಳಿಯನ್ನು ವೈಭವೀಕರಿಸಿ 1942ರಲ್ಲಿ ತೆಗೆದ ಪ್ರಚಾರಚಿತ್ರಕ್ಕೆ ಬಂದರು, ಹಡಗು, ವಿಮಾನಗಳ ಕಿರುಮಾದರಿಗಳನ್ನು ಮಾಡಿ ಸ್ಫೋಟಿಸಿದವರು ಅವರೇ. ಯುದ್ಧಾನಂತರ ಜಪಾನನ್ನು ಆಳುತ್ತಿದ್ದ ಅಮೆರಿಕದ ಆಡಳಿತ ಇದೇ ಕಾರಣಕ್ಕೆ ಅವರನ್ನು ಕೆಲಕಾಲ ಉದ್ಯಮದಿಂದ ದೂರವಿಟ್ಟಿತು. ಯುದ್ಧೋತ್ಸಾಹಕ್ಕೆ ಬಳಕೆಯಾಗಿದ್ದ ಕೌಶಲವೇ ಹನ್ನೆರಡು ವರ್ಷಗಳ ನಂತರ ಟೋಕಿಯೋ ನಗರವನ್ನು ಸುಟ್ಟು ತೋರಿಸಿತು. ಈ ಇಬ್ಬರ ಜೊತೆಗೆ, ವಾಸ್ತವ ಹಾಗೂ ಭೀತಿಕಥೆಗಳ ನಡುವೆ ಸಲೀಸಾಗಿ ಓಡಾಡುತ್ತಿದ್ದ ಕಥೆಗಾರ ಶಿಗೆರು ಕಯಾಮಾ ಮತ್ತು ಸಂಗೀತಕಾರ ಅಕಿರಾ ಇಫುಕುಬೆ ಸೇರಿದರು. ಇಫುಕುಬೆ ಯುದ್ಧಕಾಲದ ಸಂಶೋಧನಾ ಕೆಲಸದಲ್ಲಿ ವಿಕಿರಣಕ್ಕೆ ಒಡ್ಡಿಕೊಂಡು ಕಾಯಿಲೆ ಬಿದ್ದಿದ್ದವರು. ಅಂದರೆ ಚಿತ್ರದ ಮುಖ್ಯ ಕರ್ತೃಗಳಲ್ಲಿ ಯುದ್ಧವನ್ನು ಪತ್ರಿಕೆಯಲ್ಲಿ ಮಾತ್ರ ಓದಿದವರು ಯಾರೂ ಇರಲಿಲ್ಲ.

ಚಿತ್ರದ ಒಳಗೇ ನೋಡಿದರೆ ನನ್ನ ಮಾತು ಇನ್ನಷ್ಟು ಸ್ಪಷ್ಟವಾದೀತು. ಆರಂಭದಲ್ಲೇ ಬೆಳಕೊಂದು ಹೊಳೆದು ಸರಕು ಹಡಗೊಂದು ಬೆಂಕಿ ಹೊತ್ತಿ ಮುಳುಗುತ್ತದೆ; ಎಂಟು ತಿಂಗಳ ಹಿಂದಿನ ಸುದ್ದಿಯನ್ನು ಯಾವ ಪ್ರೇಕ್ಷಕನೂ ಮರೆತಿರಲಿಲ್ಲ. ರೈಲಿನಲ್ಲಿ ಕೂತ ಯುವತಿಯೊಬ್ಬಳು ವಿಕಿರಣದ ಮೀನು, ವಿಕಿರಣದ ಮಳೆ ಸಾಲದೆಂದು ಈಗ ಗಾಡ್ಜಿಲ್ಲಾ ಬೇರೆ ಎಂದು ಗೊಣಗುತ್ತ, ತಾನು ನಾಗಾಸಾಕಿಯಲ್ಲಿ ಬದುಕುಳಿದದ್ದನ್ನು ಹೇಳುತ್ತಾಳೆ. ಎಷ್ಟು ಸಹಜವಾಗಿ ಆ ಮಾತು ಬರುತ್ತದೆಂದರೆ, ಮೊದಲ ಸಲ ನೋಡುವವರು ಅದನ್ನು ಕೇಳಿಸಿಕೊಳ್ಳದೆ ದಾಟಿಬಿಡುವುದುಂಟು. ಸಂಸತ್ತಿನ ಸಮಿತಿಯಲ್ಲಿ ಹಿರಿಯ ಸದಸ್ಯನೊಬ್ಬ, ಈ ಪ್ರಾಣಿ ಬಾಂಬು ಪರೀಕ್ಷೆಯಿಂದ ಬಂದದ್ದೆಂಬ ಸಂಗತಿಯನ್ನು ಬಹಿರಂಗಪಡಿಸಿದರೆ ವಿದೇಶಾಂಗ ಸಂಬಂಧ ಕೆಡುತ್ತದೆ ಎನ್ನುತ್ತಾನೆ. ಸತ್ಯವನ್ನು ಮುಚ್ಚಿಡಬಾರದೆಂದು ಮಹಿಳಾ ಸದಸ್ಯರು ಎದ್ದುನಿಂತು ಕೂಗುತ್ತಾರೆ. ಅಮೆರಿಕದ ಆಡಳಿತ ಮುಗಿದದ್ದು 1952ರ ಏಪ್ರಿಲಿನಲ್ಲಿ, ಅಲ್ಲಿಯವರೆಗೆ ಬಾಂಬಿನ ವಿಷಯ ಸೆನ್ಸಾರಿನ ಕತ್ತರಿಯಡಿಯಲ್ಲಿತ್ತು. ಆ ದೃಶ್ಯದ ಗದ್ದಲದಲ್ಲಿ ಎರಡೇ ವರ್ಷ ಹಳೆಯದಾದ ಬಾಯಿಬಿಡುವ ಸ್ವಾತಂತ್ರ್ಯವಿದೆ.

ಇದೆಲ್ಲ ಬಾಂಬಿನ ಕಥೆ. ಆದರೆ ಪ್ರಾಣಿ ಟೋಕಿಯೋಗೆ ನುಗ್ಗಿದಾಗ ನಾವು ನೋಡುವುದು ಬೇರೆಯದನ್ನು. ಶಿನಾಗಾವಾದಿಂದ ಗಿಂಜಾ, ಸಂಸತ್ ಭವನ, ಉಯೆನೊ, ಅಸಾಕುಸಾ, ಸುಮಿದಾ ನದಿಯವರೆಗೆ ಅದು ಸಾಗುವಾಗ ಊರು ಹೊತ್ತಿ ಉರಿಯುತ್ತದೆ, ಸೈರನ್ ಮೊಳಗುತ್ತದೆ, ಜನ ಗಂಟುಮೂಟೆ ಹೊತ್ತು ಓಡುತ್ತಾರೆ. ಇದು ಹಿರೋಷಿಮಾ ಅಲ್ಲ. 1945ರ ಮಾರ್ಚ್ 10ರ ರಾತ್ರಿ ಅಮೆರಿಕದ ಬಿ-29 ವಿಮಾನಗಳು ಬೆಂಕಿಬಾಂಬು ಸುರಿದು ಸುಮಾರು ಒಂದು ಲಕ್ಷ ಮಂದಿಯನ್ನು ಕೊಂದ ಟೋಕಿಯೋ. ಉರಿಯುವ ಕಟ್ಟಡದ ಬುಡದಲ್ಲಿ ಮಕ್ಕಳನ್ನು ತಬ್ಬಿ ಕೂತ ತಾಯಿ, ಇನ್ನೇನು ಅಪ್ಪನಿದ್ದಲ್ಲಿಗೇ ಹೋಗುತ್ತೇವೆ ಎಂದು ಅವರನ್ನು ಸಮಾಧಾನಪಡಿಸುತ್ತಾಳೆ. ಅಪ್ಪ ಯುದ್ಧದಲ್ಲಿ ಸತ್ತವನೆಂದು ಯಾರೂ ವಿವರಿಸುವುದಿಲ್ಲ, ಆಗಿನ ಪ್ರೇಕ್ಷಕರಿಗೆ ವಿವರಣೆ ಬೇಕಿರಲಿಲ್ಲ. ವಿಮರ್ಶಕ ನೊರಿಹಿರೊ ಕಾಟೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಾಡ್ಜಿಲ್ಲಾ ಪೆಸಿಫಿಕ್ ಸಮುದ್ರದಲ್ಲಿ ಸತ್ತ ಜಪಾನಿ ಸೈನಿಕರೇ ಎಂದು ವಾದಿಸಿದರು: ಅವರನ್ನು ಮರೆತು ಮುಂದೆ ಸಾಗಿದ ದೇಶಕ್ಕೆ ಅವರು ಮರಳಿ ಬರುತ್ತಿದ್ದಾರೆ. ಪೂರ್ತಿ ಒಪ್ಪಲು ನನಗೆ ಕಷ್ಟ. ಆದರೂ ಪ್ರಾಣಿಯನ್ನು ಕೊಂದ ಮೇಲೆ ಚಿತ್ರದಲ್ಲಿ ಗೆಲುವಿನ ಸಂಭ್ರಮವಿಲ್ಲ, ಶೋಕವಿದೆ ಎಂಬುದನ್ನು ಈ ವಾದ ಬೇರೆಲ್ಲಕ್ಕಿಂತ ಚೆನ್ನಾಗಿ ವಿವರಿಸುತ್ತದೆ.

ನನ್ನ ಮಟ್ಟಿಗೆ ಚಿತ್ರದ ತಿರುಳಿರುವುದು ಗಾಡ್ಜಿಲ್ಲಾನಲ್ಲಿ ಅಲ್ಲ, ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡ ವಿಜ್ಞಾನಿ ಸೆರಿಝಾವಾನಲ್ಲಿ. ನೀರಿನ ಆಮ್ಲಜನಕವನ್ನೇ ನಾಶಮಾಡಿ ಜೀವಿಗಳನ್ನು ಕರಗಿಸುವ ವಸ್ತುವೊಂದನ್ನು ಅವನು ಕಂಡುಹಿಡಿದಿದ್ದಾನೆ, ಮತ್ತು ಅದನ್ನು ಬಚ್ಚಿಟ್ಟಿದ್ದಾನೆ. ಒಮ್ಮೆ ಬಳಸಿದರೆ ರಾಜಕಾರಣಿಗಳು ಅದನ್ನು ಆಯುಧವಾಗಿಸದೆ ಬಿಡುವುದಿಲ್ಲವೆಂಬುದು ಅವನ ಭಯ. ಕೊನೆಗೆ ಟಿಪ್ಪಣಿಗಳನ್ನು ಸುಟ್ಟು, ಸಮುದ್ರದಾಳದಲ್ಲಿ ವಸ್ತುವನ್ನು ಪ್ರಯೋಗಿಸಿ, ತನ್ನ ಉಸಿರಿನ ಹಗ್ಗವನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಪರೀಕ್ಷೆಗಳು ನಿಲ್ಲದಿದ್ದರೆ ಇಂಥದ್ದೇ ಇನ್ನೊಂದು ಬಂದೀತು ಎಂಬ ಹಿರಿಯ ವಿಜ್ಞಾನಿ ಯಮಾನೆಯ ಮಾತಿನೊಂದಿಗೆ ಚಿತ್ರ ಮುಗಿಯುತ್ತದೆ. ಆ ಪಾತ್ರದಲ್ಲಿರುವವರು ತಕಾಶಿ ಶಿಮುರಾ. ಅದೇ ವರ್ಷ, ಅದೇ ಸ್ಟುಡಿಯೋದ ಸೆವೆನ್ ಸಮುರಾಯ್ ಚಿತ್ರದಲ್ಲಿ ಸಮುರಾಯ್‌ಗಳ ನಾಯಕನಾಗಿದ್ದವರು.

ಇನ್ನು ತಯಾರಿಕೆಯ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಸರಣಿಯ ದೀರ್ಘಾಯುಷ್ಯಕ್ಕೆ ಚಿತ್ರದ ಅರ್ಥದಷ್ಟೇ ಅದರ ತಂತ್ರವೂ ಕಾರಣ. ತ್ಸುಬುರಾಯಾಗೆ ಕಿಂಗ್ ಕಾಂಗ್ ಚಿತ್ರದಂತೆ ಬೊಂಬೆಯನ್ನು ಫ್ರೇಮಿಗೊಮ್ಮೆ ಅಲುಗಿಸಿ ಚಿತ್ರಿಸುವ ಸ್ಟಾಪ್ ಮೋಷನ್ ವಿಧಾನವೇ ಬೇಕಿತ್ತು. ಅದಕ್ಕೆ ಏಳು ವರ್ಷ ಹಿಡಿಯುತ್ತದೆಂದು ಲೆಕ್ಕ ಹಾಕಿದಾಗ, ನಟನೊಬ್ಬನಿಗೆ ರಬ್ಬರಿನ ಉಡುಪು ತೊಡಿಸಿ, ಇಪ್ಪತ್ತೈದರಲ್ಲಿ ಒಂದಂಶದ ಅಳತೆಗೆ ಕಟ್ಟಿದ ಟೋಕಿಯೋದಲ್ಲಿ ನಡೆಸುವುದೆಂದು ತೀರ್ಮಾನವಾಯಿತು. ಕಥೆಯಲ್ಲಿ 50 ಮೀಟರ್ ಎತ್ತರದ ಪ್ರಾಣಿಗೆ ಹೀಗೆ ಎರಡು ಮೀಟರಿನ ಉಡುಪು ಸಾಕಾಯಿತು. ಮೊದಲ ಉಡುಪು ಸುಮಾರು 100 ಕಿಲೋ ತೂಗುತ್ತಿತ್ತು, ಒಳಗಿದ್ದವರಿಗೆ ಕೆಲವು ಹೆಜ್ಜೆ ಇಡುವುದೂ ಕಷ್ಟವಾಗಿ, ಅದನ್ನು ಕತ್ತರಿಸಿ ಬಿಡಿ ದೃಶ್ಯಗಳಿಗೆ ಬಳಸಿ ಇನ್ನೊಂದನ್ನು ಮಾಡಬೇಕಾಯಿತು. ಒಳಗೆ ನಿಂತವರು ಹರುವೊ ನಕಾಜಿಮಾ. ಅವರು ಪ್ರಾಣಿಗಳ ನಡಿಗೆಯನ್ನು ಕಲಿಯಲು ಉಯೆನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ಗಮನಿಸಿದರು, ಮತ್ತು 1972ರವರೆಗೂ ಆ ಉಡುಪನ್ನು ತೊಟ್ಟರು. ದೇಹಕ್ಕೆ ಭಾರ ಬರಬೇಕಾದರೆ ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ತೆರೆಯ ಮೇಲೆ ಚಲನೆ ನಿಧಾನವಾಗುವಂತೆ ಮಾಡಬೇಕು; ಹಾಗೆ ಚಿತ್ರಿಸಲು ಹೆಚ್ಚು ಬೆಳಕು ಬೇಕು; ಹೆಚ್ಚು ಬೆಳಕೆಂದರೆ ಹೆಚ್ಚು ಶಾಖ. ಚಿತ್ರೀಕರಣ ಮುಗಿದಾಗ ಉಡುಪಿನಿಂದ ಬೆವರನ್ನು ಬಸಿಯುತ್ತಿದ್ದರು. ಗಾಡ್ಜಿಲ್ಲಾನ ಉಸಿರಿಗೆ ಕರಗುವ ವಿದ್ಯುತ್ ಗೋಪುರಗಳು ಮೇಣದವು. ಯಾವ ಕಟ್ಟಡಗಳನ್ನು ಕೆಡವಬೇಕೆಂದು ಗಿಂಜಾದ ಮಳಿಗೆಯೊಂದರ ಮಹಡಿಯ ಮೇಲೆ ನಿಂತು ಗಟ್ಟಿಯಾಗಿ ಚರ್ಚಿಸುತ್ತಿದ್ದ ಚಿತ್ರತಂಡವನ್ನು ಕಾವಲುಗಾರರು ಅನುಮಾನದಿಂದ ತಡೆದು ವಿಚಾರಿಸಿದರೆಂಬ ಪ್ರಸಂಗವೂ ಇದೆ.

ಆ ಪ್ರಸಿದ್ಧ ಗರ್ಜನೆ ಯಾವ ಪ್ರಾಣಿಯದೂ ಅಲ್ಲ. ಕಾಂಟ್ರಾಬಾಸ್ ವಾದ್ಯದ ತಂತಿಗಳನ್ನು ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿ, ಬಂದ ಧ್ವನಿಯ ವೇಗವನ್ನು ಬದಲಿಸಿ ಅದನ್ನು ರೂಪಿಸಲಾಯಿತು. ಇದರ ಹಿಂದಿದ್ದುದು ಇಫುಕುಬೆಯ ಯೋಚನೆ. ಪ್ರಾಣಿಯ ಚರ್ಮದ ಉಬ್ಬುತಗ್ಗುಗಳಿಗೆ ಬಾಂಬಿನಲ್ಲಿ ಬದುಕುಳಿದವರ ಮೈಮೇಲಿನ ಸುಟ್ಟ ಕಲೆಗಳೇ ಮಾದರಿಯೆಂಬ ಮಾತು ಬಹಳ ಪ್ರಚಲಿತ. ಕಪ್ಪುಬಿಳುಪಿನಲ್ಲಿ ಆ ಮೈಯನ್ನು ಹತ್ತಿರದಿಂದ ನೋಡಿದವರಿಗೆ ಹಾಗೆ ಅನ್ನಿಸದಿರದು.

ಚಿತ್ರವನ್ನು ಜಪಾನಿನಲ್ಲಿ 96 ಲಕ್ಷ ಮಂದಿ ನೋಡಿದರು. ಆರೇ ತಿಂಗಳೊಳಗೆ ಎರಡನೆಯ ಚಿತ್ರ ಬಂತು, ಬೇರೆ ನಿರ್ದೇಶಕರ ಕೈಯಲ್ಲಿ, ಆತುರದಲ್ಲಿ. ಅದರಲ್ಲಿ ಗಾಡ್ಜಿಲ್ಲಾ ಇನ್ನೊಂದು ದೈತ್ಯಪ್ರಾಣಿಯೊಡನೆ ಕಾದಾಡಿತು ಎಂಬುದಷ್ಟೇ ಮುಖ್ಯ, ಏಕೆಂದರೆ ಮುಂದಿನ ಎಲ್ಲ ಕಾಳಗಗಳೂ ಅಲ್ಲಿಂದ ಹೊರಟವು. 1956ರಲ್ಲಿ ಮೊದಲ ಚಿತ್ರ ಅಮೆರಿಕ ತಲುಪಿದಾಗ ಅದನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಅಮೆರಿಕನ್ ಪತ್ರಕರ್ತನನ್ನಾಗಿ ಮಾಡಿ ಹೊಸ ದೃಶ್ಯಗಳನ್ನು ತುರುಕಲಾಯಿತು. ರೈಲಿನ ನಾಗಾಸಾಕಿ ಮಾತು ಹೋಯಿತು, ಸಂಸತ್ತಿನ ವಾಗ್ವಾದ ಹೋಯಿತು, ಯಮಾನೆಯ ಕೊನೆಯ ಎಚ್ಚರಿಕೆಯೂ ಹೋಯಿತು. ಜಗತ್ತಿನ ಬಹುಪಾಲು ಜನ ದಶಕಗಳ ಕಾಲ ನೋಡಿದ್ದು ಈ ಆವೃತ್ತಿಯನ್ನು. ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ತೆರೆಕಾಣಲು 2004ರವರೆಗೆ ಕಾಯಬೇಕಾಯಿತು. ಬಾಂಬಿನ ಅರ್ಥವನ್ನು ವಿಮರ್ಶಕರು ಆಮೇಲೆ ಹಚ್ಚಿದರೇ ಎಂಬ ನಿಮ್ಮ ಸಂದೇಹ ಹುಟ್ಟುವುದಕ್ಕೂ ಇದೇ ಮೂಲ: ಹೊರಗಿನವರು ಅದನ್ನು ತಡವಾಗಿ ಕಂಡರು, ತೆಗೆದುಹಾಕಿದ್ದನ್ನು ಮರಳಿ ಸೇರಿಸಿದ್ದು ಹೊಸದಾಗಿ ಹಚ್ಚಿದಂತೆ ತೋರಿತು.

ಈಗ ಎರಡನೆಯ ಪ್ರಶ್ನೆ. ಗಾಡ್ಜಿಲ್ಲಾ ಮಕ್ಕಳ ನಾಯಕನಾದದ್ದನ್ನು ಪತನವೆಂದು ಬರೆಯುವುದು ರೂಢಿ. ಆದರೆ ಆ ಬದಲಾವಣೆ ತಂದವರು ಹೊರಗಿನವರಲ್ಲ, ಬಹುಮಟ್ಟಿಗೆ ಮೊದಲ ಚಿತ್ರ ಮಾಡಿದವರೇ. 1962ರಲ್ಲಿ ಹೋಂಡಾ ನಿರ್ದೇಶಿಸಿದ ಕಿಂಗ್ ಕಾಂಗ್ ಮತ್ತು ಗಾಡ್ಜಿಲ್ಲಾ ಕಾಳಗ, ಟಿವಿ ಕಾರ್ಯಕ್ರಮದ ಜನಪ್ರಿಯತೆಗಾಗಿ ದೈತ್ಯಪ್ರಾಣಿಯನ್ನೇ ಹಿಡಿದು ತರಲು ಹೊರಟ ಔಷಧ ಕಂಪನಿಯನ್ನು ಗೇಲಿಮಾಡುವ ಬಣ್ಣದ ಹಾಸ್ಯಚಿತ್ರ, ಅದನ್ನು ಒಂದು ಕೋಟಿಗೂ ಹೆಚ್ಚು ಜನ ನೋಡಿದರು. 1964ರಲ್ಲಿ ಮೂರು ತಲೆಯ ಗಿದೊರಾ ಬಾಹ್ಯಾಕಾಶದಿಂದ ಬಂದಾಗ, ದೈತ್ಯ ಪತಂಗ ಮೊಥ್ರಾ ಗಾಡ್ಜಿಲ್ಲಾನ ಮನವೊಲಿಸಿ ಭೂಮಿಯ ಪಕ್ಷಕ್ಕೆ ಸೇರಿಸಿತು. ಸರಣಿ ಮಗ್ಗುಲು ಬದಲಿಸಿದ್ದು ಅಲ್ಲಿ. ಮಕ್ಕಳನ್ನು ನಗಿಸುವ ಒಲವು ತ್ಸುಬುರಾಯಾ ಅವರಿಗೆ ಹೆಚ್ಚು, ಹೋಂಡಾಗೆ ಕಡಿಮೆ. ಆದರೆ ಇಬ್ಬರಿಗಿಂತ ಬಲವಾದ ಕಾರಣ ಮಾರುಕಟ್ಟೆಯಲ್ಲಿತ್ತು. ಜಪಾನಿನ ಚಿತ್ರಮಂದಿರಗಳು 1958ರಲ್ಲಿ 112 ಕೋಟಿಗೂ ಹೆಚ್ಚು ಟಿಕೆಟ್ ಮಾರಿದ್ದವು. ಮನೆಮನೆಗೆ ಟಿವಿ ಬಂದು 1970ರ ದಶಕದ ಮಧ್ಯಕ್ಕೆ ಆ ಸಂಖ್ಯೆ 20 ಕೋಟಿಗಿಂತ ಕೆಳಗಿಳಿಯಿತು. ದೊಡ್ಡವರು ಮನೆಯಲ್ಲೇ ಉಳಿದರು, ಶಾಲಾ ರಜೆಯಲ್ಲಿ ಮಕ್ಕಳು ಮಾತ್ರ ಬಂದರು. 1969ರಿಂದ ತೋಹೊ ರಜಾದಿನಗಳಿಗೆಂದೇ ಮಕ್ಕಳ ಚಿತ್ರಮೇಳ ನಡೆಸತೊಡಗಿತು, ಗಾಡ್ಜಿಲ್ಲಾ ಅದರ ಸರಕಾಯಿತು. ಪೈಪೋಟಿಯೂ ಇತ್ತು: ದಾಯೆಯಿ ಸ್ಟುಡಿಯೋ 1965ರಲ್ಲಿ ಮಕ್ಕಳನ್ನು ಕಾಯುವ ಹಾರುವ ಆಮೆ ಗಮೆರಾವನ್ನು ತಂದಿತು. 1966ರಲ್ಲಿ ತ್ಸುಬುರಾಯಾ ಅವರ ಸ್ವಂತ ಸಂಸ್ಥೆಯ ಅಲ್ಟ್ರಾಮ್ಯಾನ್ ಟಿವಿಯಲ್ಲಿ ವಾರಕ್ಕೊಂದು ದೈತ್ಯನನ್ನು ಉಚಿತವಾಗಿ ತೋರಿಸತೊಡಗಿತು. ಅದರ ಒಂದು ದೈತ್ಯ ಹಳೆಯ ಗಾಡ್ಜಿಲ್ಲಾ ಉಡುಪಿಗೇ ಕುತ್ತಿಗೆ ಪಟ್ಟಿ ಹಚ್ಚಿದ್ದು, ಅಂದರೆ ಗಾಡ್ಜಿಲ್ಲಾ ಸ್ಪರ್ಧಿಸಬೇಕಾದದ್ದು ತನ್ನದೇ ಉಡುಪಿನೊಂದಿಗೆ.

ಈ ಅವಧಿಯ ಎರಡು ಚಿತ್ರಗಳ ಪರ ನಾನು ವಾದಿಸಲು ಸಿದ್ಧ. 1969ರ ಚಿತ್ರದಲ್ಲಿ ಹಳೆಯ ಚಿತ್ರಗಳ ದೃಶ್ಯಗಳನ್ನು ಧಾರಾಳವಾಗಿ ಮರುಬಳಸಿದ್ದಾರೆಂದು ಅಭಿಮಾನಿಗಳು ಅದನ್ನು ಸರಣಿಯ ತಳಕ್ಕೆ ತಳ್ಳುತ್ತಾರೆ. ಆದರೆ ಕಥೆಯಲ್ಲಿರುವುದು ಹೊಗೆ ಉಗುಳುವ ಕಾರ್ಖಾನೆಗಳ ಕವಾಸಾಕಿಯಲ್ಲಿ, ಕೆಲಸಕ್ಕೆ ಹೋದ ತಂದೆತಾಯಿಯರು ಮರಳುವವರೆಗೆ ಬೀಗದ ಕೈ ಹಿಡಿದು ಒಬ್ಬನೇ ಇರುವ, ಸಹಪಾಠಿಗಳಿಂದ ಪೀಡನೆ ಅನುಭವಿಸುವ ಹುಡುಗ. ದೈತ್ಯರ ದ್ವೀಪ ಅವನ ಕನಸು. ಆರ್ಥಿಕ ಪವಾಡದ ಬೆಲೆ ತೆರುತ್ತಿದ್ದ ಮಕ್ಕಳ ಬಗ್ಗೆ ಅಷ್ಟು ನೇರವಾಗಿ ಮಾತಾಡಿದ ಜನಪ್ರಿಯ ಚಿತ್ರಗಳು ಆಗ ಹೆಚ್ಚಿರಲಿಲ್ಲ. ಇನ್ನೊಂದು, ಯೊಶಿಮಿತ್ಸು ಬನ್ನೊ ನಿರ್ದೇಶಿಸಿದ 1971ರ ಹೆದೊರಾ ಚಿತ್ರ. ಮಿನಾಮಾಟಾದ ಪಾದರಸ ವಿಷ ಮತ್ತು ಯೊಕ್ಕಾಯ್ಚಿಯ ಆಸ್ತಮಾ ದೇಶದ ಆತ್ಮಸಾಕ್ಷಿಯನ್ನು ಕಾಡುತ್ತಿದ್ದ ಹೊತ್ತಿನಲ್ಲಿ, ಕಾರ್ಖಾನೆಯ ಕೊಳೆಯಿಂದಲೇ ಬೆಳೆದ ದೈತ್ಯನನ್ನು ಗಾಡ್ಜಿಲ್ಲಾ ಎದುರಿಸುತ್ತದೆ. ವಿಚಿತ್ರ ಹಾಡು, ವ್ಯಂಗ್ಯಚಿತ್ರದ ತುಣುಕು, ಕರಗುವ ದೇಹಗಳು ಎಲ್ಲ ಸೇರಿದ ಆ ಕಲಸುಮೇಲೋಗರ ತನಾಕಾಗೆ ಹಿಡಿಸಲಿಲ್ಲ, ಬನ್ನೊ ಮತ್ತೆ ಗಾಡ್ಜಿಲ್ಲಾ ಚಿತ್ರ ನಿರ್ದೇಶಿಸಲಿಲ್ಲ. ಅಂದರೆ ಮಕ್ಕಳ ನಾಯಕನಾಗಿದ್ದಾಗಲೂ ಅದು ದೇಶದ ಆತಂಕಗಳಿಂದ ಪೂರ್ತಿ ಕಳಚಿಕೊಂಡಿರಲಿಲ್ಲ. 1975ರಲ್ಲಿ ಹೋಂಡಾ ಮರಳಿ ಬಂದು ಮಾಡಿದ ಚಿತ್ರಕ್ಕೆ ಹತ್ತು ಲಕ್ಷ ಪ್ರೇಕ್ಷಕರೂ ಸಿಗದೆ ಸರಣಿ ನಿಂತಿತು.

ಒಂಬತ್ತು ವರ್ಷಗಳ ನಂತರ, 1984ರಲ್ಲಿ, ಶೀತಲ ಸಮರದ ಉದ್ವೇಗದ ನಡುವೆ ಅದನ್ನು ಮತ್ತೆ ಖಳನಾಗಿ ಎಬ್ಬಿಸಿದರು. ಪ್ರಾಣಿಯ ಮೇಲೆ ಅಣ್ವಸ್ತ್ರ ಬಳಸಲು ಅಮೆರಿಕ, ಸೋವಿಯತ್ ಎರಡೂ ಒತ್ತಾಯಿಸಿದಾಗ ಜಪಾನಿನ ಪ್ರಧಾನಿ ಒಪ್ಪದಿರುವುದೇ ಆ ಚಿತ್ರದ ಉತ್ತಮ ದೃಶ್ಯ. ಅಷ್ಟರಲ್ಲಿ ಒಂದು ವಿನೋದದ ಸಮಸ್ಯೆ ಎದುರಾಗಿತ್ತು: 1954ರಲ್ಲಿ ಟೋಕಿಯೋದ ಕಟ್ಟಡಗಳಿಗೆ 31 ಮೀಟರಿನ ಮಿತಿ ಇತ್ತು, 50 ಮೀಟರಿನ ಪ್ರಾಣಿ ಊರಿನ ಮೇಲೆ ತಲೆಯೆತ್ತಿ ನಿಲ್ಲುತ್ತಿತ್ತು, ಮಿತಿ ಸಡಿಲವಾಗಿ 1968ರಲ್ಲಿ 147 ಮೀಟರಿನ ಕಾಸುಮಿಗಾಸೆಕಿ ಕಟ್ಟಡ ಎದ್ದ ಮೇಲೆ ಅದೇ ಪ್ರಾಣಿ ಬೀದಿಯಲ್ಲಿ ಕಾಣದಾಯಿತು. ಆದ್ದರಿಂದ 1984ರಲ್ಲಿ ಅದನ್ನು 80 ಮೀಟರಿಗೆ, 1991ರಲ್ಲಿ 100 ಮೀಟರಿಗೆ ಬೆಳೆಸಿದರು, ಮತ್ತು ಅದೇ 1991ರಲ್ಲಿ ಆಗಷ್ಟೇ ಮುಗಿದಿದ್ದ 243 ಮೀಟರಿನ ಟೋಕಿಯೋ ಆಡಳಿತ ಭವನವನ್ನು ಅದರ ಕೈಯಿಂದ ಕೆಡವಿಸಿದರು. 1995ರಲ್ಲಿ ಅದರ ಹೃದಯ ಪರಮಾಣು ಸ್ಥಾವರದಂತೆ ಕರಗಿ ಸಾಯುವ ಚಿತ್ರದಲ್ಲಿ, ಸೆರಿಝಾವಾನ ಹಳೆಯ ಆಯುಧದ ಫಲವಾಗಿ ಹುಟ್ಟಿದ ದೈತ್ಯ ಎದುರಾಳಿಯಾಗಿ ಬಂತು, ಮೊದಲ ಚಿತ್ರದ ನಾಯಕಿ ಮೊಮೊಕೊ ಕೋಚಿ ಅದೇ ಪಾತ್ರದಲ್ಲಿ ಮರಳಿದರು. 1998ರ ಹಾಲಿವುಡ್ ಚಿತ್ರವನ್ನು ಹೇಳದೆ ಮುಂದೆ ಹೋಗುತ್ತೇನೆ.

2001ರ ಚಿತ್ರದಲ್ಲಿ ಶೂಸುಕೆ ಕನೆಕೊ ಗಾಡ್ಜಿಲ್ಲಾನೊಳಗೆ ಪೆಸಿಫಿಕ್ ಯುದ್ಧದಲ್ಲಿ ಸತ್ತವರ ಆತ್ಮಗಳನ್ನೇ ತುಂಬಿ, ವಿಮರ್ಶೆಯಲ್ಲಿದ್ದ ಊಹೆಯನ್ನು ಕಥೆಯಾಗಿಸಿದರು. ಆದರೆ ಮೊದಲ ಚಿತ್ರಕ್ಕೆ ನಿಜವಾದ ಉತ್ತರಾಧಿಕಾರಿಗಳೆಂದು ನಾನು ಎಣಿಸುವುದು ಎರಡನ್ನು. 2011ರ ಭೂಕಂಪ, ಸುನಾಮಿ, ಫುಕುಶಿಮಾ ದುರಂತದ ನಂತರ ಹಿದೆಯಾಕಿ ಅನ್ನೊ ಮತ್ತು ಶಿಂಜಿ ಹಿಗುಚಿ 2016ರಲ್ಲಿ ಮಾಡಿದ ಶಿನ್ ಗಾಡ್ಜಿಲ್ಲಾದಲ್ಲಿ ದುರಂತಕ್ಕಿಂತ ಭೀಕರವಾದದ್ದು ಅಧಿಕಾರಿಗಳ ಸಭೆಗಳು: ಕಡತ, ಅನುಮತಿ, ಸಮಿತಿ, ಉಪಸಮಿತಿ, ಅಷ್ಟರಲ್ಲಿ ಪ್ರಾಣಿ ಊರೊಳಗೆ. ಅದನ್ನು ಕೊನೆಗೆ ಹೆಪ್ಪುಗಟ್ಟಿಸುವುದು ಕಾಂಕ್ರೀಟ್ ಪಂಪಿನ ಲಾರಿಗಳಿಂದ. ಫುಕುಶಿಮಾದ ಸ್ಥಾವರಕ್ಕೆ ನೀರೆರೆದದ್ದೂ ಅಂಥವೇ ಎಂಬುದನ್ನು ಜಪಾನಿ ಪ್ರೇಕ್ಷಕರು ಮರೆತಿರಲಿಲ್ಲ. ಇಲ್ಲಿ ರಬ್ಬರಿನ ಉಡುಪು ಹೋಗಿ ಕಂಪ್ಯೂಟರ್ ಬಂದಿತ್ತು, ಆದರೂ ಒಳಗೆ ಮನುಷ್ಯನಿದ್ದ: ಕ್ಯೋಗೆನ್ ರಂಗಕಲೆಯ ನಟ ಮನ್ಸಾಯ್ ನೊಮುರಾ ಅವರ ಚಲನೆಯನ್ನೇ ಪ್ರಾಣಿಗೆ ಕೊಡಲಾಗಿತ್ತು.

ಎರಡನೆಯದು ನೀವು ನೋಡಿದ ಗಾಡ್ಜಿಲ್ಲಾ ಮೈನಸ್ ಒನ್, 2023ರ ನವೆಂಬರ್ 3ರಂದು ಬಿಡುಗಡೆಯಾದದ್ದು. ಆತ್ಮಾಹುತಿ ದಾಳಿಗೆ ನೇಮಕಗೊಂಡು ಬದುಕಿ ಉಳಿದ ಪೈಲಟ್ಟಿನ ನಾಚಿಕೆಯನ್ನು ನಡುವಿಗಿಟ್ಟು ತಕಾಶಿ ಯಮಾಝಾಕಿ ಸರಣಿಯನ್ನು 1945ರಿಂದ 1947ರ ಟೋಕಿಯೋಗೆ ಕರೆದೊಯ್ದರು, ಪ್ರಾಣಿಯನ್ನು ಮತ್ತೆ 50 ಮೀಟರಿನ ಆಸುಪಾಸಿಗೆ ಇಳಿಸಿದರು. ಸೆರಿಝಾವಾ ಸಾವನ್ನು ಆರಿಸಿಕೊಂಡಿದ್ದ; ಇಲ್ಲಿ ಬದುಕುವುದನ್ನು ಆರಿಸಿಕೊಳ್ಳಲು ಒಬ್ಬ ಕಲಿಯುತ್ತಾನೆ. ಮೊದಲ ಚಿತ್ರದೊಂದಿಗೆ ಅದು ನಡೆಸುವ ವಾದ ಇದೇ ಎಂದು ನನ್ನ ಓದು. ಸುಮಾರು 35 ಕಲಾವಿದರು 610 ದೃಶ್ಯಗಳನ್ನು ರೂಪಿಸಿದ ಈ ಚಿತ್ರಕ್ಕೆ 2024ರ ಮಾರ್ಚ್‌ನಲ್ಲಿ ವಿಶುವಲ್ ಎಫೆಕ್ಟ್ಸ್ ಆಸ್ಕರ್ ದೊರೆಯಿತು. ಅದೇ ಸಂಜೆ, ಅದೇ ವೇದಿಕೆಯಲ್ಲಿ, ಬಾಂಬನ್ನು ರೂಪಿಸಿದವರ ಕಥೆಯಾದ ಆಪನ್‌ಹೈಮರ್ ಅತ್ಯುತ್ತಮ ಚಿತ್ರವಾಯಿತು. ಆ ಹೊತ್ತಿಗೆ ಅದು ಜಪಾನಿನಲ್ಲಿ ಇನ್ನೂ ಬಿಡುಗಡೆಯಾಗಿರಲಿಲ್ಲ.

ಹೊರಗಿನ ಪ್ರಭಾವದ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, 1960ರ ದಶಕದಲ್ಲೇ ಬ್ರಿಟನ್, ಡೆನ್ಮಾರ್ಕ್, ದಕ್ಷಿಣ ಕೊರಿಯಾಗಳು ತಮ್ಮ ತಮ್ಮ ದೈತ್ಯರನ್ನು ತೆರೆಗೆ ತಂದವು. ಹಿಂದಿಯಲ್ಲೂ 1966ರಲ್ಲಿ ಗೊಗೋಲಾ ಎಂಬ ಚಿತ್ರ ಬಂದಿತ್ತು. ಎಲ್ಲಕ್ಕಿಂತ ವಿಚಿತ್ರವಾದದ್ದು ಉತ್ತರ ಕೊರಿಯಾದ ಪುಲ್ಗಸಾರಿ. ಅಲ್ಲಿಯ ಆಡಳಿತ ಅಪಹರಿಸಿ ತಂದಿದ್ದ ದಕ್ಷಿಣ ಕೊರಿಯಾದ ನಿರ್ದೇಶಕ ಶಿನ್ ಸಾಂಗ್-ಓಕ್ ಅದನ್ನು 1985ರಲ್ಲಿ ಮಾಡಿದರು. ಉಡುಪಿನೊಳಗೆ ಇದ್ದವರು ಆ ಕಾಲದ ಗಾಡ್ಜಿಲ್ಲಾ ನಟ ಕೆಂಪಾಚಿರೊ ಸತ್ಸುಮಾ, ವಿಶೇಷ ಪರಿಣಾಮ ತೋಹೊ ತಂಡದ್ದು. ಪೆಸಿಫಿಕ್ ರಿಮ್ ಚಿತ್ರವನ್ನು 2013ರಲ್ಲಿ ಅರ್ಪಿಸಿದ್ದು ಇಬ್ಬರಿಗೆ, ಅವರಲ್ಲಿ ಒಬ್ಬರು ಹೋಂಡಾ. ನೀವು ಮಗನೊಂದಿಗೆ ನೋಡುತ್ತಿರುವ ಹಾಲಿವುಡ್ ಸರಣಿ 2014ರಲ್ಲಿ ಶುರುವಾಗುವುದಕ್ಕೂ ಹಿಂದೆ ಬನ್ನೊ ಇದ್ದರು: ಹೆದೊರಾವನ್ನು ಮರಳಿ ತರಲು ಅವರು ವರ್ಷಗಟ್ಟಲೆ ಪಟ್ಟ ಪ್ರಯತ್ನವೇ ಕೈದಾಟಿ ಆ ಚಿತ್ರವಾಯಿತು. ತನಾಕಾ ಒಲ್ಲದ ನಿರ್ದೇಶಕನಿಂದಲೇ ಅಮೆರಿಕದ ಗಾಡ್ಜಿಲ್ಲಾ ಮತ್ತೆ ಎದ್ದದ್ದು.

ಮಗನಿಗೆ ತೋರಿಸುವುದಾದರೆ 1964ರ ಮೊಥ್ರಾ ಮತ್ತು ಗಾಡ್ಜಿಲ್ಲಾ ಚಿತ್ರದಿಂದ ಆರಂಭಿಸಿ. ಪ್ರಾಣಿ ಇನ್ನೂ ಅಪಾಯಕಾರಿಯಾಗಿದೆ, ಬಣ್ಣವಿದೆ, ದುರಾಸೆಯ ವ್ಯಾಪಾರಿಗಳ ಕಥೆ ಅವನಿಗೆ ಅರ್ಥವಾಗುತ್ತದೆ. ಹೆದೊರಾ ಆಮೇಲೆ, ಅದರಲ್ಲಿ ಸಾವುಗಳು ಕಣ್ಣಿಗೆ ರಾಚುವಂತಿವೆ. ಶಿನ್ ಗಾಡ್ಜಿಲ್ಲಾದ ಸಭೆಗಳು ಹನ್ನೆರಡರ ಹುಡುಗನ ತಾಳ್ಮೆಯನ್ನು ಕೆಡಿಸುತ್ತವೆ, ಅದನ್ನು ಕೆಲವು ವರ್ಷ ತಡೆದು ತೋರಿಸಿ. 1954ರ ಚಿತ್ರವನ್ನು ರೇಮಂಡ್ ಬರ್ ಇಲ್ಲದ 96 ನಿಮಿಷಗಳ ಜಪಾನಿ ಆವೃತ್ತಿಯಲ್ಲೇ, ಜೊತೆಯಲ್ಲಿ ಕೂತು ನೋಡಿ. ದಾಳಿಯ ಮರುದಿನದ ಆಸ್ಪತ್ರೆಯಲ್ಲಿ ವಿಕಿರಣ ಅಳೆಯುವ ಯಂತ್ರವನ್ನು ಪುಟ್ಟ ಮಗುವೊಂದರ ಬಳಿ ಹಿಡಿದವನು ಏನೂ ಹೇಳದೆ ತಲೆಯಾಡಿಸುತ್ತಾನೆ. ಅದು ಏಕೆಂದು ಮಗ ಕೇಳಿಯೇ ಕೇಳುತ್ತಾನೆ, ಬಿಕಿನಿಯ ಕಥೆಯನ್ನು ಆಗ ಹೇಳಬಹುದು.